ಜೋಗದ ಗುಂಡಿಯೂ ನಮ್ಮ ಗದ್ಯವೂ

ಶರಾವತಿ ಘಟ್ಟದ ಅಂಚಿಗೆ ಬಂದು ಧುಮುಕುವ ಜಾಗಕ್ಕೆ ನಮ್ಮ ಜನ ಇಟ್ಟುಕೊಂಡ ಹೆಸರು ಜೋಗದ ಗುಂಡಿ. ಜಲಪಾತವೆಂಬ ಮಾತು ಪಾಠಪುಸ್ತಕದ್ದು. ಫಾಲ್ಸ್ ಎಂಬುದು ಬಸ್ಸಿನ ಬೋರ್ಡಿನದು. ಸಾಗರದ ಕಡೆಯ ಮನೆಗಳಲ್ಲಿ ಊರು ನೋಡಲು ಬಂದ ನೆಂಟರನ್ನು ಹಿರಿಯರು "ಗುಂಡಿ ನೋಡ್ಕಂಡು ಬಂದ್ರಾ?" ಎಂದು ವಿಚಾರಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನದಿಯ ಆಚೆ ದಡದ ಕಡೆಗೆ ಇರುವ ಊರಿನ ಹೆಸರೂ ಮಾವಿನಗುಂಡಿ. ಗುಂಡಿಯೆಂದರೆ ತಗ್ಗು, ಹೊಳೆಯ ಮಡು. ಹೆಸರಿಟ್ಟವರಿಗೆ ನೀರು ಬೀಳುವುದು ಕಾಣಿಸಿರಲಿಲ್ಲವೆಂದು ಯಾರೂ ಹೇಳಲಾರರು. ಕಂಡಿತ್ತು, ಮೈಲಿಗಟ್ಟಲೆ ದೂರಕ್ಕೆ ಕೇಳಿಸಿಯೂ ಇತ್ತು. ಆದರೂ ಹೆಸರಿಗಾಗಿ ಅವರು ಆರಿಸಿಕೊಂಡದ್ದು ನೀರು ಹೋಗಿ ಬಿದ್ದ ಆಳವನ್ನು.

ಈ ಹೆಸರಿಗೂ ನಮ್ಮ ಸಾಹಿತ್ಯಕ್ಕೂ ಹೊಂದಿಕೆಯಾಗಿಲ್ಲವೆಂಬುದು ನನ್ನ ಬಹುಕಾಲದ ಕೊರಗು. ಜೋಗವನ್ನು ಕುರಿತು ಕನ್ನಡದಲ್ಲಿ ಬಂದಿರುವ ಪ್ರವಾಸ ಲೇಖನಗಳಿಗೆ ಲೆಕ್ಕವಿಲ್ಲ. ಶಾಲೆಯ ಹುಡುಗರ ಪ್ರಬಂಧದಿಂದ ಹಿಡಿದು ಸರ್ಕಾರದ ಪ್ರಚಾರ ಪುಸ್ತಿಕೆಯವರೆಗೆ ಅದಕ್ಕೊಂದು ಸಿದ್ಧವಾದ ಶೈಲಿಯೇ ಉಂಟು. ಈ ಲೇಖನದಲ್ಲಿ ನಾನು ಪರಿಶೀಲಿಸಬೇಕೆಂದಿರುವುದು ಆ ಶೈಲಿಯನ್ನು. ಅದು ನೀರನ್ನು ಬರೆದು ಗುಂಡಿಯನ್ನು ಬಿಟ್ಟಿತು. ಹಾಗೆ ಬಿಟ್ಟದ್ದು ಬರಿಯ ಸಾಹಿತ್ಯದ ನಷ್ಟವಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ.

ಮೊದಲು ಈ ಶೈಲಿ ಹುಟ್ಟಿದ ಜಾಗವನ್ನು ನೋಡೋಣ. ಅದು ಹುಟ್ಟಿದ್ದು ಬಂಗಲೆಯ ಜಗಲಿಯಲ್ಲಿ. ಜೋಗದಲ್ಲಿ ಶರಾವತಿ ಮೈಸೂರು ಸಂಸ್ಥಾನಕ್ಕೂ ಬೊಂಬಾಯಿ ಆಧಿಪತ್ಯಕ್ಕೂ ನಡುವಣ ಗಡಿಯಾಗಿತ್ತು. ಆದ್ದರಿಂದ ಈಚೆಗೊಂದು ಮೈಸೂರು ಬಂಗಲೆ, ಆಚೆಗೊಂದು ಬೊಂಬಾಯಿ ಬಂಗಲೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಗಡಿ ಅಳಿಸಿಹೋಯಿತು. ನೋಡುವ ಬಗೆ ಮಾತ್ರ ಬಂಗಲೆಯದೇ ಆಗಿ ಉಳಿಯಿತು. ನಾಲ್ಕು ಧಾರೆಗಳ ಹೆಸರುಗಳನ್ನೇ ಗಮನಿಸಿ. ರಾಜ, ರೋರರ್, ರಾಕೆಟ್, ರಾಣಿ. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ರಾಣಿಗೆ 'ಡಾಮ್ ಬ್ಲಾಂಶ್' ಎಂದು ಹೆಸರು, ಅಂದರೆ ಬಿಳಿಯ ಉಡುಪಿನ ದೊರೆಸಾನಿ. ಒಬ್ಬ ಗರ್ಜಿಸುತ್ತಾನೆ, ಒಂದು ಬಾಣಬಿರುಸಿನಂತೆ ಹಾರುತ್ತದೆ, ಒಬ್ಬಳು ಮೆಲ್ಲಗೆ ಜಾರುತ್ತಾಳೆ. ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತವನಿಗೆ ನಾಟಕದ ಪಾತ್ರಧಾರಿಗಳು ಒಬ್ಬೊಬ್ಬರಾಗಿ ಪರಿಚಯವಾದಂತೆ ಇವೆ ಈ ಹೆಸರುಗಳು. ಇಂಗ್ಲಿಷರನ್ನು ಇದಕ್ಕಾಗಿ ದೂರುವುದು ನನ್ನ ಉದ್ದೇಶವಲ್ಲ. ಅವರು ಅಳೆಯುವ ಜನ; ಎತ್ತರ 830 ಅಡಿ ಎಂದು ಬರೆದದ್ದಲ್ಲದೆ ರಾಜ ಬೀಳುವ ಮಡುವಿನ ಆಳ 132 ಅಡಿ ಎಂಬುದನ್ನೂ ಬರೆದಿಟ್ಟರು. ಹಿಂದಿನ ಶತಮಾನಗಳ ಪ್ರವಾಸಿಗಳಲ್ಲಿ ಅನೇಕರು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಜೋಗ ಸೇರುತ್ತಿದ್ದರು. ನದಿಯನ್ನು ಕೆಳಗಿನಿಂದ ಮೇಲಕ್ಕೆ ಕಂಡವರು ಅವರು. ನಾವು ಅವರಿಂದ 830ನ್ನು ತೆಗೆದುಕೊಂಡು 132ನ್ನು ಮರೆತೆವು. ಈಗ ಅಡಿಯ ಬದಲು ಮೀಟರು ಬಂದಿದೆ, 253 ಎನ್ನುತ್ತೇವೆ, ಅಷ್ಟೆ.

ಜಗಲಿಯ ಮೇಲೆ ಕುಳಿತವನ ಗದ್ಯಕ್ಕೆ ಒಂದು ಕಷ್ಟ ಎದುರಾಗುತ್ತದೆ. ನೋಟ ಒಂದೇ, ಅದು ಕ್ಷಣಾರ್ಧದಲ್ಲಿ ಕಣ್ಣಿಗೆ ತುಂಬಿಬಿಡುತ್ತದೆ. ಆಮೇಲೆ ಹೇಳುವುದೇನು? ಲೇಖಕ ಉಪಮೆಗೆ ಕೈಹಾಕುತ್ತಾನೆ. ಹಾಲು, ಮುತ್ತು, ಹತ್ತಿ, ಬೆಳ್ಳಿಯ ಸರಿಗೆ, ಶಿವನ ಜಟೆ, ರುದ್ರನ ನರ್ತನ. ಇವುಗಳಲ್ಲಿ ಯಾವುದೂ ಜೋಗಕ್ಕೇ ಮೀಸಲಾದದ್ದಲ್ಲ. ಗೋಕಾಕದ ಮೇಲೆ ಹೊದಿಸಿದರೂ ಕೂರುತ್ತದೆ, ಶಿವನಸಮುದ್ರದ ಮೇಲೆ ಹೊದಿಸಿದರೂ ಕೂರುತ್ತದೆ. ಕೊನೆಗೆ 'ವರ್ಣಿಸಲು ಪದಗಳು ಸಾಲವು' ಎಂಬ ಒಂದು ವಾಕ್ಯ. ಇಷ್ಟು ಪದಗಳನ್ನು ಸುರಿದಾದ ಮೇಲೆ ಪದಗಳು ಸಾಲವೆನ್ನುವುದು ತಮಾಷೆಯೇ ಸರಿ. ವರ್ಣನೆ ಬಡವಾಗುವುದು ಪದಗಳ ಕೊರತೆಯಿಂದಲ್ಲ. ನಡೆದ ಸಂಗತಿಯೊಂದೂ ಇಲ್ಲದಿರುವುದರಿಂದ. ನೋಡಿದವನು ಕದಲಿಲ್ಲ, ಆದ್ದರಿಂದ ಅವನ ವಾಕ್ಯವೂ ಕದಲುವುದಿಲ್ಲ.

ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಎತ್ತಿದವರು ಗಾಂಧೀಜಿ. 1927ರಲ್ಲಿ ಮೈಸೂರು ಸಂಸ್ಥಾನದ ಪ್ರವಾಸ ಮಾಡುತ್ತ ಅವರು ಸಾಗರದವರೆಗೆ ಬಂದಿದ್ದರು. ಜೋಗ ಅಲ್ಲಿಂದ ಕೂಗಳತೆಯಲ್ಲಿದೆ ಎನ್ನಬೇಕು. ಜೊತೆಗಿದ್ದ ಕಾಕಾ ಕಾಲೇಲ್ಕರರಿಗೆ ನದಿಗಳೆಂದರೆ ಪ್ರಾಣ. ಬಾಲ್ಯದ ಕೆಲವು ವರ್ಷಗಳನ್ನು ಕಾರವಾರದಲ್ಲಿ ಕಳೆದ ಅವರು ಮುಂದೆ ಗುಜರಾತಿಯ ದೊಡ್ಡ ಗದ್ಯ ಲೇಖಕರಾದರು. ನದಿ, ಸಮುದ್ರ, ಜಲಪಾತಗಳನ್ನು ಕುರಿತ ಅವರ ಬರಹಗಳು 'ಜೀವನಲೀಲಾ' ಎಂಬ ಸಂಕಲನದಲ್ಲಿವೆ. ಗಾಂಧೀಜಿಯನ್ನು ಜೋಗಕ್ಕೆ ಕರೆದೊಯ್ಯಲು ತಾವು ಪಟ್ಟ ಪಾಡನ್ನು ಅವರೇ ಬರೆದಿಟ್ಟಿದ್ದಾರೆ. ವೈಸರಾಯ್ ಕರ್ಜನ್ ಕೂಡ ಬಂದು ನೋಡಿ ಹೋದ ಜಾಗವಿದು, ಜಗತ್ತಿನಲ್ಲೇ ಇಂಥ ಎತ್ತರದಿಂದ ಬೀಳುವ ನೀರು ಅಪರೂಪ ಎಂದೆಲ್ಲ ಹೇಳಿದರು. ಗಾಂಧೀಜಿ ಬರಲಿಲ್ಲ. ಎತ್ತರದ ಮಾತಿಗೆ ಅವರು ಕೊಟ್ಟ ಉತ್ತರದ ಸಾರ, ಮಳೆಯ ನೀರು ಇದಕ್ಕಿಂತ ಎಷ್ಟೋ ಎತ್ತರದಿಂದ ಬೀಳುತ್ತದಲ್ಲ ಎಂಬುದು.

ಇದನ್ನು ಓದಿದವರು ನಕ್ಕು ಮುಂದೆ ಹೋಗುತ್ತಾರೆ; ಕೆಲವರು ಮಹಾತ್ಮರಿಗೆ ಸೌಂದರ್ಯದೃಷ್ಟಿ ಇರಲಿಲ್ಲವೆಂದು ಮರುಗುತ್ತಾರೆ. ನನಗೆ ಅದು ನಮ್ಮ ಜಲಪಾತ ಸಾಹಿತ್ಯಕ್ಕೆಲ್ಲ ಸೇರಿಸಿ ಬರೆದ ವಿಮರ್ಶೆಯಂತೆ ತೋರುತ್ತದೆ. ಎತ್ತರವನ್ನೇ ಮುಂದೊಡ್ಡಿ ಹೊಗಳಿದರೆ ಆ ಉತ್ತರಕ್ಕೆ ಪ್ರತ್ಯುತ್ತರವಿಲ್ಲ. ಮಳೆ ನಿಜವಾಗಿಯೂ ಹೆಚ್ಚು ಎತ್ತರದಿಂದ ಬೀಳುತ್ತದೆ. ಆದರೆ ಮಳೆ ಬಿದ್ದಲ್ಲಿ ಗುಂಡಿ ಇಲ್ಲ. ಯುಗಯುಗಗಳಿಂದ ಒಂದೇ ಕಡೆ ಬಿದ್ದು, ತಾನು ಬೀಳುವ ಬಂಡೆಯನ್ನೇ ಕೊರೆದು, ಘಟ್ಟದ ಮೈಯೊಳಗೆ ಹಿಂದೆ ಹಿಂದೆ ಸರಿಯುತ್ತ ಬಂದ ನೀರು ಜೋಗದ್ದು. ಮೇಲಿನಿಂದ ನೋಡುವವನಿಗೆ ಕಾಣುವುದು ಈ ಹೊತ್ತು ಬೀಳುತ್ತಿರುವ ನೀರು. ಅದರ ಹಿಂದಿನ ಕೆಲಸವೆಲ್ಲ ಕೆಳಗಿನ ಕಮರಿಯಲ್ಲಿದೆ. ಕಾಲೇಲ್ಕರರು ಈ ಜಾಡು ಹಿಡಿದು ವಾದಿಸಿದ್ದರೆ ಗಾಂಧೀಜಿ ಬರುತ್ತಿದ್ದರೆಂದು ನಾನು ಹೇಳುವುದಿಲ್ಲ. ಅವರ ಹಟ ಎಲ್ಲರಿಗೂ ಗೊತ್ತು. ಆದರೆ ವಾದವಾದರೂ ನಿಲ್ಲುತ್ತಿತ್ತು.

ಕಮರಿಯ ಮಾತು ಆಡುವವನು ಇಳಿದು ನೋಡಿರಬೇಕಷ್ಟೆ. ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದು ದಾರಿ ಒಣಗಿದ ಮೇಲೆ, ನಾನು ಆ ಮೆಟ್ಟಿಲುಗಳನ್ನು ಇಳಿದೆ. 1400ರಷ್ಟು ಎಂದು ಲೆಕ್ಕ ಹೇಳುತ್ತಾರೆ. ನಾನು ಎಣಿಸುವ ಗೋಜಿಗೆ ಹೋಗಲಿಲ್ಲ. ಮೊದಲ ನೂರು ಮೆಟ್ಟಿಲುಗಳವರೆಗೆ ಮೇಲೆ ಕಂಡ ಚಿತ್ರವೇ ಇರುತ್ತದೆ. ಆಮೇಲೆ ಅದು ಒಡೆಯುತ್ತದೆ. ಒಂದು ಧಾರೆ ಗಿಡದ ಮರೆಗೆ ಹೋಗುತ್ತದೆ, ಇನ್ನೊಂದು ಬಂಡೆಯ ಮೂಲೆಗೆ. ನಾಲ್ಕನ್ನೂ ಒಟ್ಟಿಗೆ ನೋಡುವ ಸೌಕರ್ಯ ಮುಗಿಯಿತು. ಅದಕ್ಕೆ ಬದಲಾಗಿ ಬಂಡೆ ಕಾಣತೊಡಗುತ್ತದೆ. ಮೇಲಿನಿಂದ ಒಂದೇ ಕಪ್ಪು ಗೋಡೆಯಂತಿದ್ದದ್ದು ಈಗ ಪದರ ಪದರವಾಗಿ, ಸೀಳು ಸೀಳಾಗಿ, ಎಲ್ಲೋ ಒಂದು ಕಡೆ ಮನೆಯಷ್ಟು ದೊಡ್ಡ ತುಂಡು ಕಳಚಿ ಬಿದ್ದ ಹಸಿ ಗಾಯದೊಂದಿಗೆ ತೋರುತ್ತದೆ. ಸೀಳುಗಳಿಂದ ಕುಡುಗೋಲಿನ ಆಕಾರದ ರೆಕ್ಕೆಯ ಸಣ್ಣ ಹಕ್ಕಿಗಳು ಸುಯ್ಯೆಂದು ಹೊರಟು, ನೀರಿನ ತೆರೆಯ ಹಿಂದಕ್ಕೆ ಹೋಗಿ ಮಾಯವಾಗುತ್ತವೆ. ಅವುಗಳ ಗೂಡು ಅಲ್ಲಿಯೇ. ನಾವು ನೋಟವೆಂದುಕೊಂಡದ್ದು ಅವಕ್ಕೆ ಮನೆಯ ಬಾಗಿಲಿನ ಪರದೆ.

ಸದ್ದೂ ಬದಲಾಗುತ್ತದೆ. ಮೇಲೆ ಕೇಳುವುದು ಒಂದೇ ಸಮನಾದ ಮೊರೆತ. ಕೆಳಗೆ ಇಳಿದಂತೆ ಅದು ಬೇರೆಬೇರೆಯಾಗಿ ಬಿಚ್ಚಿಕೊಳ್ಳುತ್ತದೆ: ಬಂಡೆಗೆ ಬಡಿದ ನೀರಿನದು ಒಂದು, ಮಡುವಿಗೆ ಬಿದ್ದದ್ದರದು ಒಂದು, ಕಲ್ಲುಗಳ ನಡುವೆ ಹರಿದು ಹೋಗುತ್ತಿರುವುದರದು ಮತ್ತೊಂದು. ಈ ಮೂರನೆಯದು ಮೇಲಿದ್ದವರಿಗೆ ಕೇಳುವುದೇ ಇಲ್ಲ. ತಳಕ್ಕೆ ತಲುಪಿದಾಗ ಆಕಾಶ ಒಂದು ಅಂಗಳದಷ್ಟಕ್ಕೆ ಇಳಿದಿರುತ್ತದೆ. ಮೇಲೆ ಕಟಕಟೆಗೆ ಒರಗಿ ನಿಂತವರು ಇರುವೆಗಳಂತೆ ಕಾಣುತ್ತಾರೆ, ಅವರ ಬಣ್ಣದ ಕೊಡೆಗಳಷ್ಟೇ ಗುರುತು ಸಿಗುತ್ತವೆ. ಧುಮುಕಿದ ನೀರು ಅಲ್ಲಿ ಮುಗಿಯುವುದಿಲ್ಲ ಎಂಬುದು ಕಾಲಿಗೆ ಗೊತ್ತಾಗುವುದು ಆ ಜಾಗದಲ್ಲಿ. ಬಂಡೆಗಳ ಸಂದಿಯಲ್ಲಿ ತಿರುವು ತೆಗೆದುಕೊಂಡು, ಎರಡು ಕಡೆಯೂ ಕಾಡು ಕವಿದ ಕಮರಿಯೊಳಗೆ ಅದು ಪಶ್ಚಿಮಕ್ಕೆ ಹೊರಟುಬಿಡುತ್ತದೆ. ಜೋಗವನ್ನು ಕುರಿತ ಲೇಖನಗಳಲ್ಲಿ ನದಿ ಬಿದ್ದದ್ದಷ್ಟೇ ಇರುತ್ತದೆ. ಎದ್ದು ಹೋದದ್ದು ಇರುವುದಿಲ್ಲ.

ಹತ್ತುವಾಗ ನಡುದಾರಿಯಲ್ಲಿ ಸೌತೆಕಾಯಿಯ ಹೋಳಿಗೆ ಉಪ್ಪುಕಾರ ಸವರಿ ಮಾರುತ್ತಿದ್ದ ಮುದುಕರೊಬ್ಬರು ನನ್ನ ಏದುಸಿರು ಕಂಡು ಹೇಳಿದರು: "ಇಳಿಯೋದು ಏನೂ ಅಲ್ಲ ಮಾರಾಯ್ರೆ. ಇಳಿದೋರಿಗೆ ಗುಂಡಿ ಕಾಣದಿಲ್ಲ. ಹತ್ತಕ್ಕೆ ಹೊರಟ್ರೆ ಕಾಣ್ತದೆ ಎಷ್ಟು ಆಳ ಅಂತ." ಅಲಂಕಾರಶಾಸ್ತ್ರದ ಗ್ರಂಥಗಳಲ್ಲಿ ಈ ಮಾತು ಇಲ್ಲ. ಆದರೆ ವರ್ಣನೆಯ ಸಮಸ್ಯೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರು ನನಗೆ ಸಿಕ್ಕಿಲ್ಲ. ಆಳವೆಂಬುದು ಕಣ್ಣಿನ ವಿಷಯವಲ್ಲ, ಮೊಣಕಾಲಿನ ವಿಷಯ.

ನಮ್ಮ ಜನರಿಗೆ ಇದು ತಿಳಿಯದ್ದೇನೂ ಅಲ್ಲ. ಹೆಸರುಗಳೇ ಸಾಕ್ಷಿ. ಕಾವೇರಿ ಅರ್ಕಾವತಿಯನ್ನು ಕೂಡಿಕೊಂಡ ಮೇಲೆ ಬಂಡೆಗಳ ನಡುವೆ ನುಸುಳುವ ಇಕ್ಕಟ್ಟಿಗೆ ಮೇಕೆದಾಟು ಎಂದು ಹೆಸರಿಟ್ಟವರು ಅದರ ಅಗಲವನ್ನು ಒಂದು ಮೇಕೆಯ ನೆಗೆತದಿಂದ ಅಳೆದರು. ಇನ್ನೂ ಕೆಳಗೆ ಹೊಗೇನಕಲ್ಲು. ಹೊಗೆಯಾಡುವ ಕಲ್ಲು ಎಂಬುದನ್ನು ಹತ್ತಿರ ಹೋಗಿ ಮೈ ಒದ್ದೆ ಮಾಡಿಕೊಂಡವನೇ ಹೇಳಬೇಕು. ಬಿಜಾಪುರ, ಬೆಳಗಾವಿಯ ಕಡೆಯವರಿಗೆ ಕೊಳ್ಳ, ಮಲೆನಾಡಿನವರಿಗೆ ಅಬ್ಬಿ, ಗುಂಡಿ, ಹಳ್ಳ, ಸರ. ನಡೆದವರ ಭಾಷೆಯಲ್ಲಿ ಇಷ್ಟು ಮಾತುಗಳಿರುವಾಗ, ಬರೆದವರ ಭಾಷೆ 'ಪ್ರಕೃತಿಯ ರಮಣೀಯ ಮಡಿಲು' ಎಂಬಲ್ಲಿಗೆ ಬಂದು ನಿಂತಿತಲ್ಲ ಎಂಬುದು ನನ್ನ ತಕರಾರು.

ಕಮರಿಯನ್ನು ಕಾಲಿನಿಂದ ಬರೆಯುವುದು ಎಂದರೇನೆಂಬುದಕ್ಕೆ ಹೊರಗಿನ ಉದಾಹರಣೆಯೊಂದನ್ನು ಕೊಡುತ್ತೇನೆ; ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರಿಗೆ ಇದು ಹೊಸದಲ್ಲ. 1790ರ ಬೇಸಗೆಯಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಯಾಗಿದ್ದ ವರ್ಡ್ಸ್‌ವರ್ತ್ ತನ್ನ ಗೆಳೆಯ ರಾಬರ್ಟ್ ಜೋನ್ಸನೊಂದಿಗೆ ಆಲ್ಪ್ಸ್ ಪರ್ವತವನ್ನು ಕಾಲ್ನಡಿಗೆಯಲ್ಲಿ ದಾಟಲು ಹೊರಟ. ಸಿಂಪ್ಲಾನ್ ಕಣಿವೆಯ ಹತ್ತಿರ ದಾರಿ ತಪ್ಪಿ, ಎದುರಾದ ರೈತನೊಬ್ಬನನ್ನು ಕೇಳಿದಾಗ, ಶಿಖರ ಆಗಲೇ ಹಿಂದೆ ಉಳಿಯಿತು, ಇನ್ನು ಇಳಿಯುವುದೇ ಎಂದು ಗೊತ್ತಾಯಿತು. ಎದೆಗುಂದಿದ ಇಬ್ಬರೂ ಗೊಂಡೋ ಎಂಬ ಕಮರಿಯೊಳಗೆ ಇಳಿದರು. 'ಪ್ರಿಲ್ಯೂಡ್' ಕಾವ್ಯದ ಆರನೆಯ ಭಾಗದಲ್ಲಿ ಈ ಪ್ರಸಂಗವಿದೆ. ಕಾವ್ಯ ಒಂದು ರೂಪಕ್ಕೆ ಬಂದದ್ದು 1805ರಲ್ಲಿ, ಅಚ್ಚಾದದ್ದು ಕವಿ ತೀರಿಕೊಂಡ ಮೇಲೆ, 1850ರಲ್ಲಿ. ಆ ಸಾಲುಗಳಲ್ಲಿ ನನಗೆ ಬೆರಗಾಗುವುದು ಕವಿಯ ದೊಡ್ಡ ಮಾತುಗಳಿಗಿಂತ ಹೆಚ್ಚಾಗಿ ಅವನ ನಿಧಾನ. ಗಂಟೆಗಟ್ಟಲೆ ನಡೆದದ್ದನ್ನು ಅವನು ಅಡಗಿಸುವುದಿಲ್ಲ. ಕೊಳೆಯುತ್ತಿರುವ ಮರ, ತೊಟ್ಟಿಕ್ಕುವ ಬಂಡೆ, ಒಂದಕ್ಕೊಂದು ಎದುರಾಗುವ ಗಾಳಿ, ಎಲ್ಲವೂ ನಡೆಯುವವನಿಗೆ ಎದುರಾದ ಕ್ರಮದಲ್ಲಿಯೇ ಬರುತ್ತವೆ. ಕೊನೆಗೆ ಅವೆಲ್ಲ ಒಂದೇ ಮನಸ್ಸಿನ ವ್ಯಾಪಾರಗಳಂತೆ ತೋರಿದವು ಎಂಬ ದರ್ಶನ ಬಂದಾಗ, ಅಷ್ಟು ದೂರ ನಡೆದುಬಂದ ಓದುಗ ಅದನ್ನು ನಂಬುತ್ತಾನೆ.

ಇದೇ ವರ್ಡ್ಸ್‌ವರ್ತ್ 1793ರಲ್ಲಿ, ಪ್ರವಾಸದ ನೆನಪು ಇನ್ನೂ ಹಸಿಯಾಗಿದ್ದಾಗಲೇ, ಆಲ್ಪ್ಸ್ ಕುರಿತು ಒಂದು ವರ್ಣನಾಕಾವ್ಯವನ್ನು ಪ್ರಕಟಿಸಿದ್ದ. ಅದು ಆ ಕಾಲದ ಸಿದ್ಧ ಶೈಲಿಯಲ್ಲಿ, ದ್ವಿಪದಿಯ ಅಚ್ಚಿನಲ್ಲಿದೆ. ಆಲ್ಪ್ಸನ್ನು 'ಚಿತ್ರದಂತೆ' ಎಂದು ಕರೆಯುವುದು ಆ ಪರ್ವತಗಳಿಗೆ ಅವಮಾನ ಎಂದು ಅಡಿಟಿಪ್ಪಣಿಯಲ್ಲಿ ಬರೆದುಕೊಂಡವನೇ ಪದ್ಯದಲ್ಲಿ ಚಿತ್ರಗಳನ್ನು ಸಾಲಾಗಿ ತೂಗುಹಾಕುತ್ತಾನೆ. ನಡೆದದ್ದು ಒಂದೇ ಸಲ, ಕಾಲು ಅವೇ. ಭಾಷೆಗೆ ಆ ನಡಿಗೆ ಹತ್ತಲು ಇನ್ನೂ ಹತ್ತು ಹನ್ನೆರಡು ವರ್ಷ ಹಿಡಿಯಿತು. ಮೆಟ್ಟಿಲು ಇಳಿದವರೆಲ್ಲ ಜೋಗದ ಬಗ್ಗೆ ಒಳ್ಳೆಯ ಗದ್ಯ ಬರೆದುಬಿಡುತ್ತಾರೆಂದು ನಾನು ಹೇಳುತ್ತಿಲ್ಲವೆಂಬುದು ಇದರಿಂದ ಓದುಗರಿಗೆ ಸ್ಪಷ್ಟವಾಗಬೇಕು.

ಕನ್ನಡದಲ್ಲಿ ನಡಿಗೆ ಹತ್ತಿದ ಗದ್ಯ ಇಲ್ಲವೆ? ಇದೆ, ಧಾರಾಳವಾಗಿ ಇದೆ. ಆದರೆ ಅದು ಪ್ರವಾಸ ಕಥನಗಳಲ್ಲಿ ಇಲ್ಲ, ಕಾದಂಬರಿಗಳಲ್ಲಿದೆ. ಕಾರಂತರ 'ಬೆಟ್ಟದ ಜೀವ' 1943ರದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬಾತ, ಕತ್ತಲಾಗುವ ಹೊತ್ತಿಗೆ ಹಳ್ಳಿಗರ ಹಿಂದೆ ಹೆಜ್ಜೆ ಹಾಕುತ್ತ ಗೋಪಾಲಯ್ಯನವರ ಮನೆ ಸೇರುವುದರೊಂದಿಗೆ ಕಥೆ ಹೊರಡುತ್ತದೆ. ಕಾರಂತರು ಅಲ್ಲಿ ಪ್ರಕೃತಿವರ್ಣನೆ ಮಾಡುವುದೇ ಕಡಿಮೆ. ಕಾಲಿಗೆ ನೋವು, ಹೊಟ್ಟೆಗೆ ಹಸಿವು, ಇನ್ನೆಷ್ಟು ದೂರವೆಂಬ ಚಿಂತೆ; ಇವುಗಳ ನಡುವೆ ಬೆಟ್ಟ ತಾನಾಗಿ ಎದ್ದು ನಿಲ್ಲುತ್ತದೆ. ಗೋಪಾಲಯ್ಯನವರು ಕಾಟುಮೂಲೆಯ ಕಡೆ ಅತಿಥಿಯನ್ನು ಕರೆದುಕೊಂಡು ಹೋಗುವಾಗ ನಮಗೆ ಕಾಣುವುದು ಕಾಡನ್ನು ಕಡಿದು ತೋಟ ಮಾಡಿದವನ ಕಣ್ಣಿನ ಕಾಡು. ಕಾರಂತರ ಗದ್ಯ ಒರಟು ಎನ್ನುವವರಿದ್ದಾರೆ. ಏರು ಹತ್ತುವವನ ಮಾತು ತುಂಡು ತುಂಡಾಗಿಯೇ ಬರಬೇಕಲ್ಲವೆ?

ಕುವೆಂಪು ಅವರ ವಿಷಯ ಇಷ್ಟು ಸರಳವಲ್ಲ. 1933ರ 'ಮಲೆನಾಡಿನ ಚಿತ್ರಗಳು' ಪುಸ್ತಕದ ಹೆಸರಿನಲ್ಲೇ ಚಿತ್ರವಿದೆ. ಅಲ್ಲಿಯ ಗದ್ಯ ಸೊಗಸಾದದ್ದು, ಕೆಲವೆಡೆ ಸೊಗಸಿನ ಭಾರದಿಂದ ಬಾಗಿದ್ದು. 1967ರ 'ಮಲೆಗಳಲ್ಲಿ ಮದುಮಗಳು' ಹೊತ್ತಿಗೆ ಚಿತ್ರ ಹೋಗಿ ನಡಿಗೆ ಬಂದಿದೆ. ಆ ಮಹಾಕಾದಂಬರಿಯಲ್ಲಿ ಜನ ನಡೆಯುತ್ತಲೇ ಇರುತ್ತಾರೆ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹಳುವಿನಲ್ಲಿ ನುಗ್ಗಿ ಹೋಗುವಾಗ ಮಲೆಯ ಏರುತಗ್ಗುಗಳು ವಾಕ್ಯಗಳ ಏರುತಗ್ಗುಗಳಾಗುತ್ತವೆ. ಉಕ್ಕಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಗಳನ್ನು ಓದಿದ ಮೇಲೆ, ನದಿಯ ರೌದ್ರವೆಂದು ಯಾರಾದರೂ ಬರೆದರೆ ಆ ಮಾತು ಸಪ್ಪೆಯೆನಿಸುತ್ತದೆ.

ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕ ಆ ವಿಚಿತ್ರ ತಂಡ ಕೊನೆಗೆ ಬಂದು ನಿಲ್ಲುವುದು ಪ್ರಪಾತದ ಅಂಚಿನಲ್ಲಿ. ಅವರ ಕೈಗೆ ಇನ್ನೇನು ಸಿಕ್ಕಿತು ಎನ್ನುವಾಗ ಓತಿ ಆ ಶೂನ್ಯಕ್ಕೆ ಹಾರಿ, ತೇಲುತ್ತ ಕಾಣದಾಗುತ್ತದೆ. ಕಮರಿ ಎಷ್ಟು ಅಡಿ ಆಳವೆಂದು ತೇಜಸ್ವಿಯವರು ಹೇಳುವುದಿಲ್ಲ. ನಮ್ಮ ಕಣ್ಣು ಓತಿಯ ಬೆನ್ನು ಹತ್ತಿ ಹೋಗಿ ಹೋಗಿ ಸೋಲುತ್ತದೆ. ಆ ಸೋಲೇ ಅಳತೆ. ನೂರಾರು ಪುಟ ನಡೆಸಿಕೊಂಡು ಬಂದು ಆಮೇಲೆ ಅಂಚಿನಲ್ಲಿ ನಿಲ್ಲಿಸಿದ್ದರಿಂದ ಈ ಪರಿಣಾಮ. ಮೊದಲ ಪುಟದಲ್ಲೇ ಕಾರಿನಿಂದ ಇಳಿಸಿ ಪ್ರಪಾತ ತೋರಿಸಿದ್ದರೆ ಓತಿ ಹಾರಿದ್ದು ಒಂದು ಸುದ್ದಿಯಷ್ಟೇ ಆಗುತ್ತಿತ್ತು.

ಇಂಥ ಗದ್ಯ ನಮ್ಮಲ್ಲಿರುವಾಗ ಶರಾವತಿಯ ಪಾಲಿಗೆ ಏನು ಬಂದಿದೆ? ನದಿಯನ್ನು ಮೇಲಿನಿಂದ ಕೆಳಕ್ಕೆ ಅನುಸರಿಸಿ ನೋಡೋಣ. ತೀರ್ಥಹಳ್ಳಿಯ ಹತ್ತಿರ ಅಂಬುತೀರ್ಥದಲ್ಲಿ ಹುಟ್ಟಿದ ಹೊಳೆ ಲಿಂಗನಮಕ್ಕಿಯ ಹಿನ್ನೀರಾಗುವ ಕಡೆ ನಾ. ಡಿಸೋಜರ ಕಾದಂಬರಿಗಳಿವೆ. ಅವರು ಲೋಕೋಪಯೋಗಿ ಇಲಾಖೆಯಲ್ಲಿ, ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿ, ಮುಳುಗಿದ್ದನ್ನು ಕಣ್ಣಾರೆ ಕಂಡವರು. 'ಮುಳುಗಡೆ', 'ದ್ವೀಪ' ಎರಡೂ ಆ ಅನುಭವದ ಫಲ; 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿ ಮಾಡಿದರು. ಮೊದಲ ಅಣೆಕಟ್ಟು ಮತ್ತು ವಿದ್ಯುತ್ ಯೋಜನೆಯ ಕಾಲವನ್ನು ಗಜಾನನ ಶರ್ಮರು 'ಪುನರ್ವಸು'ವಿನಲ್ಲಿ ತಂದಿದ್ದಾರೆ. ನದಿ ಧುಮುಕುವ ಜಾಗಕ್ಕೆ ಬಂದರೆ ಹಾಡುಗಳು. ನಿಸಾರ್ ಅಹಮದರ 'ನಿತ್ಯೋತ್ಸವ'ದಲ್ಲಿ ಜೋಗಕ್ಕೆ ಮೊದಲ ಮಣೆ. ಮೂಗೂರು ಮಲ್ಲಪ್ಪನವರ ಹಾಡು 1992ರ 'ಜೀವನಚೈತ್ರ' ಚಿತ್ರದಲ್ಲಿ ರಾಜಕುಮಾರರ ಕಂಠದಿಂದ ಮನೆಮನೆಗೆ ತಲುಪಿತು. ಸಂಸಾರದ ತಾಪತ್ರಯವನ್ನೂ ಜೋಗವನ್ನೂ ಪ್ರಾಸದಲ್ಲಿ ಕಟ್ಟಿದ ಆ ಹಾಡು ಗುಂಡಿಯನ್ನು ಗುಂಡಿಯೆಂದೇ ಕರೆದಿದೆ ಎಂಬುದಕ್ಕೆ ನನಗೆ ವಿಶೇಷ ಪ್ರೀತಿ. 'ನಿತ್ಯೋತ್ಸವ'ದ್ದು ಬೆಳಕಿನ ದೃಷ್ಟಿ. ನಾಡಗೀತದಂಥ ಹಾಡಿಗೆ ಅದು ಸಹಜ, ಅದನ್ನು ಇಳಿದು ನೋಡೆಂದು ಒತ್ತಾಯಿಸುವುದು ವಿಮರ್ಶೆಯಲ್ಲ. ಇನ್ನು ಘಟ್ಟದ ಬುಡದಲ್ಲಿ ಗೇರುಸೊಪ್ಪೆಗೆ ಅದರ ಇತಿಹಾಸವಿದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಮೇಲೂ ಗಜಾನನ ಶರ್ಮರ ಕಾದಂಬರಿಯುಂಟು. ಚತುರ್ಮುಖ ಬಸದಿಯನ್ನು ಕುರಿತು ವಿದ್ವಾಂಸರ ಬರಹಗಳುಂಟು.

ಹಿನ್ನೀರಿಗೆ ಕಾದಂಬರಿ, ಜಲಪಾತಕ್ಕೆ ಹಾಡು, ಗೇರುಸೊಪ್ಪೆಗೆ ಇತಿಹಾಸ. ನಡುವೆ, ಜೋಗದ ತಳದಿಂದ ಗೇರುಸೊಪ್ಪೆಯ ತನಕ, ಆ ಕಮರಿಗೆ? ನಾನು ಓದಿರುವ ಕನ್ನಡದಲ್ಲಿ ಅದಕ್ಕೊಂದು ಪುಸ್ತಕವಿಲ್ಲ.

ಇಲ್ಲದಿರುವುದರ ಪರಿಣಾಮವನ್ನು ಈಚಿನ ವರ್ಷಗಳ ಪತ್ರಿಕೆಗಳಲ್ಲಿ ನೋಡಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನದಿಯ ಬಹುಪಾಲು ನೀರು ತಳಕಳಲೆಯ ಮೂಲಕ ಕೊಳವೆಗಳಲ್ಲಿ ಇಳಿದು, 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರವನ್ನು ತಿರುಗಿಸಿ, ಕೆಳಗೆ ಮತ್ತೆ ನದಿ ಸೇರುತ್ತದೆ. ಜೋಗದಲ್ಲಿ ಬೀಳುವುದು ಮಳೆಗಾಲದ ನೀರು, ಇಲ್ಲವೆ ಅಣೆಕಟ್ಟು ತುಂಬಿ ಬಾಗಿಲು ತೆರೆದಾಗಿನ ನೀರು. ಬಾಗಿಲು ತೆರೆದರೆ ಪತ್ರಿಕೆಗಳಲ್ಲಿ ಮುಖಪುಟದ ಚಿತ್ರ, ರಸ್ತೆಯಲ್ಲಿ ವಾಹನಗಳ ಸಾಲು. ಜಗಲಿಯ ಗದ್ಯ ಓದಿ ಬೆಳೆದ ನಮಗೆ ಇದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ. ನದಿಯನ್ನು ನೋಟವೆಂದು ಒಪ್ಪಿಕೊಂಡಾದ ಮೇಲೆ ನೋಟಕ್ಕೆ ವೇಳಾಪಟ್ಟಿ ಇದ್ದರೇನು? ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ನೀರನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ 2000 ಮೆಗಾವ್ಯಾಟ್‌ನ ಭೂಗತ ಯೋಜನೆಯ ಮಾತು ಬಂದು ದೊಡ್ಡ ವಾದವಿವಾದ ಎದ್ದಿದೆ. ಅದು ಬರುವುದು ಇದೇ ಕಣಿವೆಯಲ್ಲಿ, ಸಿಂಗಳೀಕಗಳಿಗಾಗಿ ಕಾಯ್ದಿಟ್ಟ ಅಭಯಾರಣ್ಯದಲ್ಲಿ. ಯೋಜನೆ ಬೇಕು ಎನ್ನುವವರದು ಮೆಗಾವ್ಯಾಟ್‌ಗಳ ಲೆಕ್ಕ. ಬೇಡ ಎನ್ನುವವರದು ಹೆಕ್ಟೇರುಗಳ, ಮರಗಳ ಲೆಕ್ಕ. ಎರಡನೆಯವರ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಆದರೂ ಅವರ ಕರಪತ್ರಗಳನ್ನು ಓದುವಾಗ ಒಂದು ಕೊರತೆ ಕಾಡುತ್ತದೆ. ಮುಳುಗಡೆಯವರ ಪರವಾಗಿ ಮಾತಾಡುವವರಿಗೆ ಡಿಸೋಜರ ಪುಸ್ತಕಗಳು ಕೈಗೆ ಸಿಗುತ್ತವೆ. ಕಮರಿಯ ಪರವಾಗಿ ಮಾತಾಡುವವರು ಮತ್ತೆ ಹಾಲು, ಮುತ್ತು, ಪ್ರಕೃತಿಮಾತೆಯ ಮಡಿಲುಗಳಿಗೇ ಮೊರೆಹೋಗಬೇಕಾಗಿದೆ. ಆ ಮಾತುಗಳನ್ನೇ ಪ್ರವಾಸೋದ್ಯಮದವರೂ ಉಪಯೋಗಿಸುತ್ತಾರೆ. ಒಂದೇ ನುಡಿಗಟ್ಟು ಎರಡು ಪಕ್ಷಕ್ಕೂ ಸಲ್ಲುವಂತಿದ್ದರೆ ಅದರಲ್ಲಿ ಆ ಜಾಗದ ಗುರುತು ಇಲ್ಲವೆಂದೇ ಅರ್ಥ.

ಈ ಗದ್ಯವನ್ನು ಯಾರು ಬರೆಯಬೇಕು? ಅಭಯಾರಣ್ಯವಾದ್ದರಿಂದ ಮನಬಂದಂತೆ ಹೊಕ್ಕು ತಿರುಗುವ ಹಾಗಿಲ್ಲ. ತಿರುಗಬೇಕೆಂದೂ ನಾನು ಹೇಳಲಾರೆ. ಆದರೆ ಅಲ್ಲಿ ನಡೆದ ಕಾಲುಗಳು ಈಗಾಗಲೇ ಇವೆ. 1940ರ ದಶಕದ ಕೊನೆಗೆ ಜೋಗದ ಕೆಳಗಿನ ಕಮರಿಯಲ್ಲಿ ನಾಡಿನ ದೊಡ್ಡದೊಂದು ವಿದ್ಯುದಾಗಾರ ಎದ್ದಿತು. ಅದಕ್ಕೆ ಆಮೇಲೆ ಇಟ್ಟ ಹೆಸರು ಮಹಾತ್ಮಾ ಗಾಂಧಿ. ಸಾಗರದವರೆಗೆ ಬಂದೂ ಜೋಗ ನೋಡಲು ಒಲ್ಲೆನೆಂದವರ ಹೆಸರು ಗುಂಡಿಯ ತಳದಲ್ಲಿ ನಿಂತಿದೆ. ಕಾಲೇಲ್ಕರರು ಇದಕ್ಕೆ ನಕ್ಕಿರಬೇಕು. ಆ ಆಗಾರಕ್ಕೆ ಕೆಲಸಗಾರರು ಹಗ್ಗದ ಟ್ರಾಲಿಯಲ್ಲಿ ಕಡಿದಾದ ಇಳಿಜಾರನ್ನು ಇಳಿದು ಹೋಗುತ್ತಿದ್ದರು. ಆಷಾಢದ ಮಳೆಯಲ್ಲೂ ಪಾಳಿ ತಪ್ಪಿಸುವಂತಿರಲಿಲ್ಲ. ಟ್ರಾಲಿಯಿಂದ ಇಳಿದ ಮೇಲೆ ಯಾವ ಬಂಡೆಗೆ ಏನು ಹೆಸರು, ನೀರು ಏರಿದಾಗ ಮೊದಲು ಮುಳುಗುವ ಕಲ್ಲು ಯಾವುದು, ರಾತ್ರಿಯ ಪಾಳಿಯಲ್ಲಿ ಎದುರು ಗುಡ್ಡದಿಂದ ಕೇಳುವ ಕೂಗು ಯಾವ ಪ್ರಾಣಿಯದು ಎಂಬುದು ಅವರಿಗೆ ಗೊತ್ತು. ಅವರಲ್ಲಿ ನಿವೃತ್ತರಾದವರು ಕಾರ್ಗಲ್ಲಿನಲ್ಲಿ, ಸಾಗರದಲ್ಲಿ ಮನೆ ಮಾಡಿಕೊಂಡಿದ್ದಾರೆ. ಮಧ್ಯಾಹ್ನದ ಹೊತ್ತು ಹೋಗಿ ಜಗಲಿಯ ಮೇಲೆ ಕುಳಿತು ಕೇಳಿದರೆ, ಎಲೆಯಡಿಕೆಯ ತಟ್ಟೆ ಮುಂದಕ್ಕೆ ಸರಿಸಿ, ಹೇಳಲು ಶುರುಮಾಡುತ್ತಾರೆ.